ಆಯತದ ವಿಸ್ತೀರ್ಣ ಕಲಿಸಲು ಬಿಲ್ಲೆಯೋ, ಚೌಕಳಿ ಹಾಳೆಯೋ, ಸೂತ್ರವೋ?

ಐದನೇ ತರಗತಿಯ ಮಗುವಿಗೆ 7 ಸೆಂ.ಮೀ. ಉದ್ದ, 4 ಸೆಂ.ಮೀ. ಅಗಲದ ಆಯತ ಕೊಟ್ಟು ವಿಸ್ತೀರ್ಣ ಎಷ್ಟು ಎಂದು ಕೇಳಿ. ಮಗ್ಗಿ ಬರುವ ಮಗು ತಡಮಾಡದೆ 28 ಎನ್ನುತ್ತದೆ. ‘28 ಏನು?’ ಎಂದು ಕೇಳಿದರೆ ‘28 ಸೆಂಟಿಮೀಟರ್’ ಎಂಬ ಉತ್ತರ ಸಾಮಾನ್ಯ. ‘ಆ 28 ಈ ಚಿತ್ರದಲ್ಲಿ ಎಲ್ಲಿದೆ, ಬೆರಳಿಟ್ಟು ತೋರಿಸು’ ಎಂದರೆ ಎಷ್ಟೋ ಮಕ್ಕಳು ಆಯತದ ಅಂಚಿನ ಗುಂಟ ಬೆರಳು ಓಡಿಸುತ್ತಾರೆ. ಉತ್ತರ ಸರಿ ಬಂದಿದೆ, ವಿಸ್ತೀರ್ಣ ಬಂದಿಲ್ಲ.

ನಾಲ್ಕು, ಐದನೇ ತರಗತಿಯಲ್ಲಿ ಈ ಪಾಠಕ್ಕೆ ಶಿಕ್ಷಕರ ಮುಂದೆ ಹಲವು ದಾರಿಗಳಿವೆ. ಬಿಲ್ಲೆ ಜೋಡಿಸಬಹುದು, ಚೌಕಳಿ ಹಾಳೆಯಲ್ಲಿ ಎಣಿಸಬಹುದು, ಖಾಲಿ ಹಾಳೆಯಲ್ಲಿ ಮಗುವಿನಿಂದಲೇ ಗೆರೆ ಎಳೆಸಬಹುದು, ಅಂಗಳಕ್ಕೆ ಕರೆದೊಯ್ಯಬಹುದು, ಅಥವಾ ನೇರವಾಗಿ ಸೂತ್ರ ಬರೆಸಬಹುದು. ಎಲ್ಲವೂ ಬೇಕು ಎಂದು ಹೇಳಿ ಕೈತೊಳೆದುಕೊಳ್ಳುವುದು ಸುಲಭ. ಆದರೆ 40 ನಿಮಿಷದ ಪೀರಿಯಡ್ ಇರುವವರಿಗೆ, ನಾಲ್ಕು ಮತ್ತು ಐದನೇ ತರಗತಿಯನ್ನು ಒಂದೇ ಕೊಠಡಿಯಲ್ಲಿ ಕೂರಿಸಿಕೊಂಡು ಕಲಿಸುವವರಿಗೆ ಆ ಮಾತಿನಿಂದ ಏನೂ ಸಿಗುವುದಿಲ್ಲ. ಒಂದೊಂದು ದಾರಿಯೂ ಏನು ಕೊಡುತ್ತದೆ, ಏನನ್ನು ಮರೆಮಾಚುತ್ತದೆ ಎಂದು ತೂಗಿ ನೋಡಬೇಕು. ನನ್ನ ಆಯ್ಕೆಯನ್ನು ಮೊದಲೇ ಹೇಳಿಬಿಡುತ್ತೇನೆ: ಹೆಚ್ಚು ಸಮಯ ಮೂರನೆಯ ದಾರಿಗೆ, ಅಂದರೆ ಮಗು ತಾನೇ ಗೆರೆ ಎಳೆದು ಸಾಲುಗಳನ್ನು ಕಟ್ಟುವ ಕೆಲಸಕ್ಕೆ ಸಿಗಬೇಕು. ಉಳಿದವು ಅದರ ಹಿಂದೆ ಮುಂದೆ ಬರಲಿ.

ಆರಿಸುವ ಮೊದಲು ಮಗುವನ್ನು ನೋಡಿ

ಎರಡು ಸಂಗತಿ ತಿಳಿದಿರಬೇಕು. ಮೊದಲನೆಯದು, ಆಕಾರ ಬದಲಾದರೂ ಜಾಗ ಅಷ್ಟೇ ಇರುತ್ತದೆ ಎಂಬುದು ಮಗುವಿಗೆ ಗೊತ್ತೇ? ಮಕ್ಕಳ ಯೋಚನೆ ಬೆಳೆಯುವ ಬಗೆಯನ್ನು ಅಧ್ಯಯನ ಮಾಡಿದ ಸ್ವಿಸ್ ಮನೋವಿಜ್ಞಾನಿ ಜೀನ್ ಪಿಯಾಜೆ ಮತ್ತು ಸಂಗಡಿಗರು ಮಕ್ಕಳ ಮುಂದೆ ಒಂದೇ ಅಳತೆಯ ಎರಡು ಹಸಿರು ಹುಲ್ಲುಗಾವಲು ಇಟ್ಟು, ಎರಡರಲ್ಲೂ ಅಷ್ಟಷ್ಟೇ ಪುಟ್ಟ ಮನೆಗಳನ್ನು ಇಡುತ್ತಿದ್ದರು. ಒಂದರಲ್ಲಿ ಮನೆಗಳು ಒತ್ತಾಗಿ ಒಂದೇ ಕಡೆ, ಇನ್ನೊಂದರಲ್ಲಿ ಚದುರಿ. ಹಸುವಿಗೆ ಮೇಯಲು ಎಲ್ಲಿ ಹೆಚ್ಚು ಹುಲ್ಲಿದೆ ಎಂದು ಕೇಳಿದರೆ, ಚಿಕ್ಕ ಮಕ್ಕಳು ಮನೆಗಳು ಒತ್ತಾಗಿರುವ ಕಡೆ ಎನ್ನುತ್ತಿದ್ದರು. ಎರಡು ಹಸಿರು ಹಾಳೆ, ಹತ್ತು ಬೆಂಕಿಪೊಟ್ಟಣ ಇದ್ದರೆ ಇದನ್ನು ನಿಮ್ಮ ತರಗತಿಯಲ್ಲೇ ಮಾಡಿ ನೋಡಬಹುದು. ನಾಲ್ಕನೇ ತರಗತಿಯಲ್ಲೂ ತಡವರಿಸುವ ಮಗು ಸಿಕ್ಕರೆ, ಅದಕ್ಕೆ ಮೊದಲು ಬೇಕಿರುವುದು ಕತ್ತರಿ. ಒಂದು ಆಯತವನ್ನು ಕತ್ತರಿಸಿ ಬೇರೆ ಆಕಾರದಲ್ಲಿ ಜೋಡಿಸಲಿ, ಹಾಳೆ ಹೆಚ್ಚಾಯಿತೇ ಕಡಿಮೆಯಾಯಿತೇ ಎಂದು ತಾನೇ ಹೇಳಲಿ.

ಎರಡನೆಯದು ಅಳತೆಪಟ್ಟಿ. ಪಟ್ಟಿಯ 1ರಿಂದ ಅಳೆಯಲು ಶುರುಮಾಡುವ ಮಕ್ಕಳಿದ್ದಾರೆ. ಗೆರೆಗಳನ್ನು ಎಣಿಸುವ ಮಕ್ಕಳೂ ಇದ್ದಾರೆ. ಅವರಿಗೆ 6 ಸೆಂ.ಮೀ.ನಲ್ಲಿ 7 ಗೆರೆ ಕಾಣುತ್ತದೆ, ಏಕೆಂದರೆ 0 ಕೂಡ ಒಂದು ಗೆರೆ. ಎಣಿಸಬೇಕಾದದ್ದು ಗೆರೆಗಳ ನಡುವಿನ ಜಾಗ ಎಂಬುದು ಇಲ್ಲಿ ಸರಿಯಾಗದಿದ್ದರೆ ವಿಸ್ತೀರ್ಣದ ಪಾಠದಲ್ಲಿ ಎಲ್ಲವೂ ಒಂದು ಹೆಚ್ಚಾಗಿ ಬರುತ್ತದೆ, ಮತ್ತು ತಪ್ಪು ಎಲ್ಲಿದೆ ಎಂದು ಹುಡುಕುವುದರಲ್ಲೇ ಪೀರಿಯಡ್ ಮುಗಿಯುತ್ತದೆ.

ಬಿಲ್ಲೆ ಜೋಡಿಸುವುದು

ಹಳೆಯ ಲಗ್ನಪತ್ರಿಕೆಗಳ ದಪ್ಪ ಕಾಗದವನ್ನು 3 ಸೆಂ.ಮೀ. ಚೌಕಗಳಾಗಿ ಕತ್ತರಿಸಿದರೆ ಖರ್ಚಿಲ್ಲದೆ ಬಿಲ್ಲೆ ಸಿದ್ಧ. ಸರ್ಕಾರಿ ಶಾಲೆಯಲ್ಲಿ ಗಣಿತ ಕಲಿಕಾ ಆಂದೋಲನದ ಕಿಟ್ ಇದ್ದರೆ ಅದರಲ್ಲಿರುವ ಚೌಕ ಬಿಲ್ಲೆಗಳನ್ನು ಹೊರತೆಗೆಯಿರಿ, ಬೀರುವಿನಲ್ಲಿ ಇಟ್ಟರೆ ಯಾರಿಗೂ ಉಪಯೋಗವಿಲ್ಲ.

ಈ ದಾರಿಯ ದೊಡ್ಡ ಬಲ, ವಿಸ್ತೀರ್ಣವೆಂದರೆ ‘ಮುಚ್ಚುವುದು’ ಎಂಬುದು ಕೈಗೇ ತಿಳಿಯುವುದು. ಒಂದು ತಂಡಕ್ಕೆ ಹುಣಸೆ ಬೀಜ, ಇನ್ನೊಂದಕ್ಕೆ ಬೆಂಕಿಪೊಟ್ಟಣ, ಮತ್ತೊಂದಕ್ಕೆ ಚೌಕ ಬಿಲ್ಲೆ ಕೊಟ್ಟು ಒಂದೇ ಅಳತೆಯ ಪುಸ್ತಕ ಮುಚ್ಚಿಸಿ. ಬೀಜದ ನಡುವೆ ಸಂದು ಉಳಿಯುತ್ತದೆ, ಪ್ರತಿ ಸಲ ಎಣಿಕೆ ಬದಲಾಗುತ್ತದೆ. ಬೆಂಕಿಪೊಟ್ಟಣವನ್ನು ಅಡ್ಡ ಇಟ್ಟವರಿಗೂ ಉದ್ದ ಇಟ್ಟವರಿಗೂ ಬೇರೆ ಬೇರೆ ತೊಂದರೆ. ಚೌಕವನ್ನು ಹೇಗೆ ತಿರುಗಿಸಿದರೂ ಅದೇ. ಚದರ ಸೆಂಟಿಮೀಟರ್, ಚದರ ಮೀಟರ್ ಎಂದು ಚೌಕವನ್ನೇ ಏಕೆ ಹಿಡಿದರು ಎಂಬ ಪ್ರಶ್ನೆಗೆ ಉತ್ತರ ಮಕ್ಕಳ ಬಾಯಿಂದಲೇ ಬರುತ್ತದೆ.

ಆದರೆ ಇಲ್ಲೊಂದು ಸೂಕ್ಷ್ಮವಿದೆ. ಗಟ್ಟಿ ಬಿಲ್ಲೆಗಳು ಒಂದರ ಮೇಲೊಂದು ಹತ್ತುವುದಿಲ್ಲ, ಅಂಚಿಗೆ ಅಂಚು ಕೂಡುತ್ತವೆ, ತಾವೇ ಸಾಲಾಗುತ್ತವೆ. ಸಾಲು ಕಟ್ಟುವ ಯೋಚನೆಯನ್ನು ಬಿಲ್ಲೆಯೇ ಮಾಡಿಬಿಡುತ್ತದೆ, ಮಗು ಮಾಡುವುದಿಲ್ಲ. ಸಿಡ್ನಿಯಲ್ಲಿ 1ರಿಂದ 4ನೇ ತರಗತಿಯ ಮಕ್ಕಳ ಜೊತೆ ಕೆಲಸ ಮಾಡಿದ ಲಿನ್ ಔಟ್‌ರೆಡ್ ಮತ್ತು ಮೈಕೆಲ್ ಮಿಚೆಲ್‌ಮೋರ್ 2000ದಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ಇದನ್ನೇ ಎತ್ತಿ ತೋರಿಸಿದರು. ಆಯತವನ್ನು ಸಮ ಸಾಲುಗಳಾಗಿ ಕಾಣುವುದೇ ಇಡೀ ಪಾಠದ ತಿರುಳು, ಸಿದ್ಧ ಬಿಲ್ಲೆಗಳು ಅದನ್ನು ಮಗುವಿನಿಂದ ಮುಚ್ಚಿಡಬಲ್ಲವು. ತರಗತಿಯಲ್ಲಿ ನೋಡಿದರೆ ಇದು ನಿಜ. 20 ಬಿಲ್ಲೆ ಅಂದವಾಗಿ ಜೋಡಿಸಿದ ಮಗು ಒಂದೊಂದೇ ಮುಟ್ಟಿ 20ರವರೆಗೂ ಎಣಿಸುತ್ತದೆ, ಐದೈದರ ನಾಲ್ಕು ಸಾಲು ಅದರ ಕಣ್ಣಿಗೆ ಬಿದ್ದಿರುವುದಿಲ್ಲ.

ಇದಕ್ಕೆ ಪರಿಹಾರ ಸರಳ: ಬಿಲ್ಲೆ ಕಡಿಮೆ ಕೊಡಿ. 5 ಬಿಲ್ಲೆ ಉದ್ದ, 4 ಬಿಲ್ಲೆ ಅಗಲ ಹಿಡಿಯುವ ಆಯತಕ್ಕೆ 20ರ ಬದಲು 8 ಮಾತ್ರ ಕೊಡಿ. ಮೇಲಿನ ಅಂಚಿಗೆ ಒಂದು ಸಾಲು, ಎಡ ಅಂಚಿಗೆ ಒಂದು ಸಾಲು ಹಾಕುವಷ್ಟರಲ್ಲಿ ಬಿಲ್ಲೆ ಮುಗಿಯುತ್ತದೆ. ‘ಇನ್ನು ಬಿಲ್ಲೆ ಇಲ್ಲ ಟೀಚರ್’ ಎನ್ನುತ್ತಾರೆ. ‘ಇದ್ದಿದ್ದರೆ ಒಟ್ಟು ಎಷ್ಟು ಹಿಡಿಯುತ್ತಿತ್ತು?’ ಎಂದು ಕೇಳಿ, ಸುಮ್ಮನೆ ಕಾಯಿರಿ. ಕೆಲವರು ಗಾಳಿಯಲ್ಲಿ ಬೆರಳಿಂದ ಗೆರೆ ಎಳೆದು ಎಣಿಸುತ್ತಾರೆ, ಕೆಲವರು ಒಂದು ಸಾಲನ್ನು ಕೆಳಕ್ಕೆ ಜರುಗಿಸುತ್ತಾರೆ, ಒಬ್ಬಳು ಥಟ್ಟನೆ ‘ಐದ್ನಾಕ್ಲಿ ಇಪ್ಪತ್ತು’ ಎನ್ನುತ್ತಾಳೆ. ಆ ಹೊತ್ತಿನಲ್ಲಿ ಗುಣಾಕಾರ ಮತ್ತು ವಿಸ್ತೀರ್ಣ ಕೂಡುತ್ತವೆ. ಬಿಲ್ಲೆಯ ಕೆಲಸ ಅಲ್ಲಿಗೆ ಮುಗಿಯಿತು, ಎರಡು ಪೀರಿಯಡ್‌ಗಿಂತ ಹೆಚ್ಚು ಅದರಲ್ಲೇ ಇರಬೇಡಿ.

ಚೌಕಳಿ ಹಾಳೆ

ಅಂಗಡಿಯಲ್ಲಿ ಸಿಗುವ ಚೌಕಳಿ ಲೆಕ್ಕದ ಪುಸ್ತಕ ಸಾಕು. ಆದರೆ ಅದರ ಮನೆ ಸರಿಯಾಗಿ 1 ಸೆಂ.ಮೀ. ಇದೆಯೇ ಎಂದು ಅಳೆದು ನೋಡಿ, ಇಲ್ಲದಿದ್ದರೆ ‘ಮನೆ’ ಎಂದೇ ಎಣಿಸಿ, ‘ಚದರ ಸೆಂಟಿಮೀಟರ್’ ಎನ್ನಬೇಡಿ.

ಆಯತವಲ್ಲದ ಆಕಾರಗಳಿಗೆ ಇದಕ್ಕಿಂತ ಒಳ್ಳೆಯ ಸಾಧನ ಇಲ್ಲ. ಹೊಂಗೆ ಎಲೆಯನ್ನಿಟ್ಟು ಸುತ್ತ ಗೆರೆ ಎಳೆದು, ಪೂರ್ತಿ ಮನೆ, ಅರ್ಧಕ್ಕಿಂತ ಹೆಚ್ಚಿರುವ ಮನೆ ಎಂದು ಎಣಿಸುವಾಗ ಮಕ್ಕಳು ಅಂದಾಜು ಮಾಡುವುದನ್ನೂ ಕಲಿಯುತ್ತಾರೆ. ಆಯತಕ್ಕೆ ಬಂದರೆ ಇದರ ಕೊರತೆ ಬಿಲ್ಲೆಯದ್ದೇ: ಗೆರೆಗಳನ್ನು ಅಚ್ಚು ಮಾಡಿದವರು ಬೇರೆಯವರು. ಜೊತೆಗೆ ಇನ್ನೊಂದು ಗೊಂದಲ ಹುಟ್ಟುತ್ತದೆ. ಅಂಚಿನ ಒಳಗಿನ ಮನೆಗಳನ್ನು ಸುತ್ತಲೂ ಎಣಿಸಿ ಅದನ್ನೇ ಸುತ್ತಳತೆ ಎನ್ನುವ ಮಕ್ಕಳು ಸಿಗುತ್ತಾರೆ. 6 ಮತ್ತು 4 ಮನೆಯ ಆಯತದ ಒಳ ಅಂಚಿನಲ್ಲಿ 16 ಮನೆಗಳಿವೆ, ಸುತ್ತಳತೆ 20. ಮೂಲೆಯ ಒಂದು ಮನೆ ಎರಡು ಬದಿಗೆ ಸೇರಿದ್ದು ಎಂಬುದು ಅವರ ಲೆಕ್ಕದಲ್ಲಿ ಬಂದಿಲ್ಲ. ಸುತ್ತಳತೆಗೆ ದಾರ, ವಿಸ್ತೀರ್ಣಕ್ಕೆ ಬಣ್ಣ ಎಂದು ಮೊದಲ ದಿನವೇ ಬೇರೆ ಮಾಡಿದರೆ ಈ ತೊಂದರೆ ಅರ್ಧ ಇಳಿಯುತ್ತದೆ. ದಾರವನ್ನು ಅಂಚಿನ ಮೇಲಿಟ್ಟು ಅಳೆಯಲಿ, ಒಳಗನ್ನು ಕ್ರೇಯಾನಿನಿಂದ ತುಂಬಲಿ.

ಖಾಲಿ ಹಾಳೆ, ಪೆನ್ಸಿಲ್, ಅಳತೆಪಟ್ಟಿ

ಬಿಳಿ ಹಾಳೆಯಲ್ಲಿ 6 ಸೆಂ.ಮೀ. ಉದ್ದ, 4 ಸೆಂ.ಮೀ. ಅಗಲದ ಆಯತ ಬರೆದುಕೊಡಿ. ಪಕ್ಕದಲ್ಲಿ 1 ಸೆಂ.ಮೀ. ಚೌಕ ಒಂದನ್ನು ಬರೆಯಿರಿ. ‘ಇಂಥ ಚೌಕಗಳಿಂದ ಆಯತ ತುಂಬಿಸು’ ಎಂದಷ್ಟೇ ಹೇಳಿ. ಅಳತೆಪಟ್ಟಿ ಬಳಸು ಎಂದು ಹೇಳಬೇಡಿ.

ಬರುವ ಚಿತ್ರಗಳನ್ನು ಎತ್ತಿಟ್ಟುಕೊಳ್ಳಿ, ಅವುಗಳಿಂದ ತಿಳಿಯುವಷ್ಟು ಘಟಕ ಪರೀಕ್ಷೆಯಿಂದ ತಿಳಿಯುವುದಿಲ್ಲ. ಒಬ್ಬ ಅಂಚಿನ ಸುತ್ತ ಮಾತ್ರ ಚೌಕ ಬರೆದು ನಡುವೆ ಖಾಲಿ ಬಿಟ್ಟಿರುತ್ತಾನೆ. ಇನ್ನೊಬ್ಬಳು ಬಿಡಿ ಬಿಡಿ ಚೌಕಗಳನ್ನು ಬರೆದು ಕೊನೆಗೆ ಉಳಿದ ಸಂದಿಗೆ ಚಿಕ್ಕ ಚಿಕ್ಕ ಚೌಕ ತುರುಕಿರುತ್ತಾಳೆ. ಮತ್ತೊಬ್ಬನ ಚೌಕಗಳು ಮೇಲಿನ ಸಾಲಿನಲ್ಲಿ 6, ಮುಂದಿನದರಲ್ಲಿ 5, ಅದರ ಮುಂದಿನದರಲ್ಲಿ 7. ಮೂವರೂ ಹಿಂದಿನ ದಿನ ಬಿಲ್ಲೆ ಸರಿಯಾಗಿ ಜೋಡಿಸಿದವರೇ, ಪ್ರತಿ ಸಾಲೂ ಸಮ ಎಂಬುದು ಅವರಿಗೆ ಇನ್ನೂ ಕಂಡಿಲ್ಲ. ಅಷ್ಟರಲ್ಲೇ ಯಾರೋ ಒಬ್ಬ ಮಗು ಒಂದೊಂದೇ ಚೌಕ ಬರೆಯುವುದನ್ನು ಬಿಟ್ಟು, ಎಡದಿಂದ ಬಲಕ್ಕೆ ಉದ್ದಕ್ಕೂ ಒಂದೇ ಗೆರೆ, ಮೇಲಿಂದ ಕೆಳಕ್ಕೆ ಒಂದೇ ಗೆರೆ ಎಳೆಯುತ್ತದೆ. ಅದರ ಹಾಳೆಯನ್ನು ಕರಿಹಲಗೆಯ ಮೇಲೆ ಅಂಟಿಸಿ, ‘ಇವನು ಏನು ಮಾಡಿದ?’ ಎಂದು ಉಳಿದವರಿಂದ ಹೇಳಿಸಿ. ನೀವು ವಿವರಿಸುವುದಕ್ಕಿಂತ ಅದು ಚೆನ್ನಾಗಿ ನಾಟುತ್ತದೆ.

ಮುಂದಿನ ಹಾಳೆಗಳಲ್ಲಿ ಆಸರೆ ಕಡಿಮೆ ಮಾಡುತ್ತಾ ಹೋಗಿ. ಮೊದಲು ಪೂರ್ತಿ ಚೌಕಳಿ ಇರುವ ಆಯತ. ನಂತರ ಅರ್ಧಕ್ಕೆ ಅಳಿಸಿದ್ದು, ಶಾಯಿ ಚೆಲ್ಲಿ ಮುಚ್ಚಿಹೋಗಿದೆ ಎಂದು ಹೇಳಿದರೆ ಮಕ್ಕಳಿಗೆ ಇಷ್ಟ. ಆಮೇಲೆ ಒಂದು ಸಾಲು, ಒಂದು ಕಂಬ ಮಾತ್ರ. ಆಮೇಲೆ ಅಂಚಿನಲ್ಲಿ ಸೆಂಟಿಮೀಟರ್ ಗುರುತುಗಳು ಮಾತ್ರ. ಕೊನೆಗೆ ಬರೀ ‘6 ಸೆಂ.ಮೀ.’, ‘4 ಸೆಂ.ಮೀ.’ ಎಂಬ ಬರಹ. ಉದ್ದದ ಅಳತೆ 6 ಎಂದರೆ ಒಂದು ಸಾಲಿಗೆ 6 ಚೌಕ ಹಿಡಿಯುತ್ತವೆ, ಅಗಲದ ಅಳತೆ 4 ಎಂದರೆ ಅಂಥ ಸಾಲುಗಳು 4. ಉದ್ದವನ್ನು ಅಳೆದ ಸಂಖ್ಯೆ ಚೌಕದ ಎಣಿಕೆಯಾಗುವ ಈ ಹೆಜ್ಜೆಯೇ ಸೂತ್ರದ ಒಳಗಿರುವುದು. ನೇರವಾಗಿ ಸೂತ್ರ ಕೊಟ್ಟಾಗ ತಪ್ಪಿಹೋಗುವುದೂ ಇದೇ.

ಖರ್ಚಿನಲ್ಲಿ ಇದು ಎಲ್ಲಕ್ಕಿಂತ ಅಗ್ಗ. ಸಮಯ ಮಾತ್ರ ಬೇಡುತ್ತದೆ: ನಾಲ್ಕೈದು ಪೀರಿಯಡ್. ಕೈ ಇನ್ನೂ ಪಳಗದ ಮಕ್ಕಳಿಗೆ ಗೆರೆ ಡೊಂಕಾಗುತ್ತದೆ, ಅವರಿಗೆ 2 ಸೆಂ.ಮೀ. ಚೌಕ ಕೊಡಿ. ಅಂದವಾಗಿ ಬರೆಯಲಿಲ್ಲ ಎಂದು ಬೈಯಬೇಡಿ, ಸಾಲು ಸಮ ಇದೆಯೇ ಎಂದಷ್ಟೇ ನೋಡಿ.

ಮೊದಲೇ ಸೂತ್ರ

ಉದ್ದ × ಅಗಲ ಎಂದು ಬರೆಸಿ, ಐದು ಲೆಕ್ಕ ಮಾಡಿಸಿ, ಮುಂದಿನ ಪಾಠಕ್ಕೆ ಹೋಗುವುದು. ಇದನ್ನು ಆರಿಸುವವರ ಕಷ್ಟ ನನಗೆ ಅರ್ಥವಾಗುತ್ತದೆ. ಪಠ್ಯ ಮುಗಿಸಬೇಕು, ಪರೀಕ್ಷೆಯಲ್ಲಿ ಕೇಳುವುದು ಅದನ್ನೇ, ಅಂಕವೂ ಬರುತ್ತದೆ. ಆದರೆ ಇದರ ಸಾಲ ಮುಂದೆ ತೀರಿಸಬೇಕಾಗುತ್ತದೆ. ಎಲ್ ಆಕಾರದ ಹಜಾರ ಬಂದಾಗ ಕಾಣುವ ಎಲ್ಲಾ ಸಂಖ್ಯೆಗಳನ್ನೂ ಗುಣಿಸುವುದು, ಆಯತವನ್ನು ತಿರುಗಿಸಿ ಇಟ್ಟರೆ ಉದ್ದ ಯಾವುದು ಎಂದು ಕೇಳುವುದು, ಸುತ್ತಳತೆಗೂ ಗುಣಿಸುವುದು, ಇವೆಲ್ಲ ಈ ದಾರಿಯಿಂದ ಬಂದ ಮಕ್ಕಳಲ್ಲಿ ಹೆಚ್ಚು. ಸೂತ್ರ ಬೇಡ ಎಂದಲ್ಲ. ಮೊದಲು ‘ಒಂದು ಸಾಲಿನಲ್ಲಿ ಎಷ್ಟು, ಅಂಥ ಸಾಲು ಎಷ್ಟು’ ಎಂಬ ಮಾತು ಬಾಯಲ್ಲಿ ಓಡಾಡಲಿ, ಬರೆದು ಬರೆದು ಬೇಸರ ಬಂದಾಗ ಅದನ್ನು ಚಿಕ್ಕದಾಗಿ ಬರೆಯುವ ರೀತಿ ಎಂದು ಸೂತ್ರ ಬರಲಿ.

ಅಂಗಳ, ಸೈಟು, ಗುಂಟೆ

ಹಾಳೆಯ ಮೇಲಿನ ಚದರ ಸೆಂಟಿಮೀಟರ್ ಗೊತ್ತಿರುವ ಮಗುವಿಗೆ ಚದರ ಮೀಟರ್ ಎಷ್ಟು ದೊಡ್ಡದು ಎಂಬ ಅಂದಾಜೇ ಇರುವುದಿಲ್ಲ. ಹಳೆಯ ದಿನಪತ್ರಿಕೆಗಳನ್ನು ಅಂಟಿಸಿ 1 ಮೀಟರ್ ಚೌಕ ಮಾಡಿಸಿ, ಅದರ ಮೇಲೆ ಎಷ್ಟು ಮಕ್ಕಳು ನಿಲ್ಲಬಹುದು ಎಂದು ನೋಡಲಿ. ಅದರಲ್ಲಿ ಎಷ್ಟು ಚದರ ಸೆಂ.ಮೀ. ಎಂದು ಕೇಳಿದರೆ ಮೊದಲ ಉತ್ತರ 100 ಎಂದೇ ಬರುತ್ತದೆ. ಸಾಲು ಕಟ್ಟಿ ಬಂದ ಮಕ್ಕಳು ತಾವೇ ತಿದ್ದಿಕೊಳ್ಳುತ್ತಾರೆ: ಒಂದು ಸಾಲಿಗೆ 100, ಅಂಥ 100 ಸಾಲು, 10,000. ಎ4 ಹಾಳೆಗಳಿದ್ದರೆ 16 ಹಾಳೆಯನ್ನು ನಾಲ್ಕು ನಾಲ್ಕರಂತೆ ಹಾಸಿ. ಅದೂ ಹೆಚ್ಚುಕಡಿಮೆ ಸರಿಯಾಗಿ 1 ಚದರ ಮೀಟರ್, ಆದರೆ ಚೌಕವಲ್ಲ, ಆಯತ. ಚದರ ಮೀಟರ್ ಎಂದರೆ ಚೌಕಾಕಾರವೇ ಇರಬೇಕಿಲ್ಲ ಎಂಬುದು ಬಾಯಿಮಾತಿಗಿಂತ ಇದರಿಂದ ಬೇಗ ತಲೆಗೆ ಹೋಗುತ್ತದೆ.

ಕಬಡ್ಡಿ ಅಂಕಣ ಇದ್ದರೆ ಬಿಡಬೇಡಿ. ಪುರುಷರ ಅಂಕಣ 13 ಮೀ. × 10 ಮೀ., ಮಹಿಳೆಯರದ್ದು 12 ಮೀ. × 8 ಮೀ. ಸುಣ್ಣದ ಪುಡಿಯಲ್ಲಿ ಎರಡನ್ನೂ ಗುರುತಿಸಿದರೆ 130 ಮತ್ತು 96 ಚದರ ಮೀಟರ್. ನಡುಗೆರೆ ಎಳೆದಾಗ ದೊಡ್ಡ ಅಂಕಣದ ಒಂದು ಪಾಳೆಯ 6.5 ಮೀ. ಆಗುತ್ತದೆ. ದಶಮಾಂಶ ಗುಣಾಕಾರ ಕಲಿಯದ ಮಗುವೂ ಇದನ್ನು ಬಿಡಿಸಬಲ್ಲದು: ಹತ್ತು ಹತ್ತರ 6 ಸಾಲು 60, ಇನ್ನೊಂದು ಸಾಲಿನಲ್ಲಿ 10 ಅರ್ಧ ಚೌಕಗಳು, ಅಂದರೆ 5. ಒಟ್ಟು 65.

ಇನ್ನು ಮನೆಯ ಮಾತು. ಬೆಂಗಳೂರಿನ ಮಗು ‘ಥರ್ಟಿ ಫಾರ್ಟಿ ಸೈಟು’ ಎಂಬುದನ್ನು ಕೇಳಿಯೇ ಬೆಳೆದಿರುತ್ತದೆ, ಹಳ್ಳಿಯ ಮಗು ಎಕರೆ, ಗುಂಟೆ ಕೇಳಿರುತ್ತದೆ. ಒಂದು ಗುಂಟೆ 33 ಅಡಿ × 33 ಅಡಿ. ಅದನ್ನು 30 ಮತ್ತು 3 ಎಂದು ಎರಡೂ ಕಡೆ ಒಡೆದು ಆಯತಗಳಾಗಿ ಬರೆದರೆ 900, 90, 90, 9. ಕೂಡಿಸಿದರೆ 1,089 ಚದರಡಿ. ದೊಡ್ಡ ಗುಣಾಕಾರವನ್ನು ಒಡೆದು ಮಾಡುವ ಕ್ರಮವೇ ಚಿತ್ರವಾಗಿ ನಿಲ್ಲುತ್ತದೆ. 30 × 40 ಸೈಟು 1,200 ಚದರಡಿ, ಅಂದರೆ ಗುಂಟೆಗಿಂತ 111 ಚದರಡಿ ಹೆಚ್ಚು. ಒಂದು ಬದಿ 33ಕ್ಕಿಂತ ಕಡಿಮೆ ಇದ್ದರೂ ಹೇಗೆ ಹೆಚ್ಚಾಯಿತು ಎಂದು ಒಂದು ತರಗತಿಯೇ ಜಗಳವಾಡಬಹುದು, ಆಡಲಿ. ಇಂಥ 40 ಗುಂಟೆ ಸೇರಿದರೆ ಎಕರೆ, 43,560 ಚದರಡಿ. ಟೈಲ್ಸ್ ಲೆಕ್ಕವೂ ಇಲ್ಲೇ ಬರಲಿ: 10 ಅಡಿಗೆ 12 ಅಡಿಯ ಕೋಣೆಗೆ 2 ಅಡಿ ಚೌಕದ ಟೈಲ್ಸ್ ಎಷ್ಟು ಬೇಕು? 120ನ್ನು 2ರಿಂದ ಭಾಗಿಸಿ 60 ಎನ್ನುವವರು ಇರುತ್ತಾರೆ. ಗೆರೆ ಎಳೆದು ನೋಡಿದವರಿಗೆ 5 ಟೈಲ್ಸಿನ 6 ಸಾಲು ಕಾಣುತ್ತದೆ, 30.

ಅಂಗಳದ ಕೆಲಸ ಮಕ್ಕಳಿಗೆ ಬಲು ಇಷ್ಟ. ಆದರೆ ಪಾಠದ ಆರಂಭಕ್ಕೆ ಅದು ಸೂಕ್ತವಲ್ಲ ಎಂದು ನನ್ನ ಅಭಿಪ್ರಾಯ. ಹಗ್ಗ ಹಿಡಿಯುವುದು, ಸಾಲು ನಿಲ್ಲುವುದು, ಬಿಸಿಲು, ಇವುಗಳಲ್ಲೇ ಗಮನ ಹೋಗುತ್ತದೆ. ಸಾಲುಗಳ ಚಿತ್ರ ಮನಸ್ಸಿನಲ್ಲಿ ಕೂತ ಮೇಲೆ ಹೊರಗೆ ಹೋದರೆ ಅದೇ ಅರ್ಧ ಗಂಟೆ ಎರಡರಷ್ಟು ಕೊಡುತ್ತದೆ.

ಪರದೆಯ ಮೇಲಿನ ಆಟಗಳು, ಜಿಯೋಜೀಬ್ರಾದಂಥ ಉಚಿತ ತಂತ್ರಾಂಶ ಒಂದು ವಿಷಯಕ್ಕೆ ಚೆನ್ನ: ಆಯತದ ಮೂಲೆ ಹಿಡಿದು ಎಳೆದಂತೆಲ್ಲ ವಿಸ್ತೀರ್ಣ ಬದಲಾಗುವುದನ್ನು ಕೂಡಲೇ ನೋಡಬಹುದು. ಗೆರೆ ಎಳೆಯುವ ಕೈಕೆಲಸಕ್ಕೆ ಅದು ಬದಲಿಯಲ್ಲ.

ಸುತ್ತಳತೆಯನ್ನು ಜೊತೆಗೇ ಕಲಿಸಬೇಕೇ?

ಎರಡನ್ನೂ ಒಂದೇ ವಾರದಲ್ಲಿ, ಒಂದೇ ಆಯತದ ಮೇಲೆ, ಎರಡು ಸೂತ್ರಗಳಾಗಿ ಕಲಿಸಿದರೆ ಮಕ್ಕಳು ಎರಡನ್ನೂ ಕಲಸಿಬಿಡುತ್ತಾರೆ. ಬೇರೆ ಬೇರೆಯಾಗಿ ಕಲಿಸಿ, ಎರಡೂ ಗಟ್ಟಿಯಾದ ಮೇಲೆ ಬೇಕೆಂದೇ ಎದುರುಬದುರು ನಿಲ್ಲಿಸಿ. 20 ಮೀಟರ್ ಹಗ್ಗದ ಎರಡು ತುದಿ ಗಂಟುಹಾಕಿ ನಾಲ್ಕು ಮಕ್ಕಳ ಕೈಗೆ ಕೊಡಿ. 9 × 1ರ ಆಯತವಾದರೆ ಒಳಗೆ 9 ಚದರ ಮೀಟರ್, 8 × 2 ಆದರೆ 16, 7 × 3 ಆದರೆ 21, 6 × 4 ಆದರೆ 24, 5 × 5 ಆದರೆ 25. ಹಗ್ಗ ಅದೇ, ಒಳಗಿನ ಜಾಗ ಬೇರೆ. ಮಾರನೆಯ ದಿನ ತಿರುವಿ ಹಾಕಿ: 24 ಬಿಲ್ಲೆ ಕೊಟ್ಟು ಎಷ್ಟು ಬಗೆಯ ಆಯತ ಎಂದು ಕೇಳಿ. 24 × 1, 12 × 2, 8 × 3, 6 × 4. ವಿಸ್ತೀರ್ಣ ಒಂದೇ, ಸುತ್ತಳತೆ 50, 28, 22, 20. ಅಪವರ್ತನಗಳ ಪಾಠವೂ ಇದರಲ್ಲೇ ಸೇರಿಹೋಗುತ್ತದೆ.

ನಿಮ್ಮ ತರಗತಿಗೆ ಯಾವುದು

ನಾಲ್ಕು ಮತ್ತು ಐದನ್ನು ಒಟ್ಟಿಗೆ ಕಲಿಸುವ ಶಾಲೆಯಾದರೆ ಆಸರೆ ಕಡಿಮೆಯಾಗುತ್ತಾ ಹೋಗುವ ಹಾಳೆಗಳೇ ನಿಮ್ಮ ಆಸ್ತಿ. ನಲಿ-ಕಲಿಯಲ್ಲಿ ಮೂರನೇ ತರಗತಿಯವರೆಗೆ ಕಾರ್ಡು ಹಿಡಿದು ತಂಡದಲ್ಲಿ ಕಲಿತು ಬಂದ ಮಕ್ಕಳಿಗೆ ಅದು ಹೊಸದೂ ಅಲ್ಲ. ನಾಲ್ಕನೆಯವರು ಪೂರ್ತಿ ಚೌಕಳಿಯ ಹಾಳೆಯಲ್ಲಿ, ಐದನೆಯವರು ಬರೀ ಅಂಚಿನ ಗುರುತಿನ ಹಾಳೆಯಲ್ಲಿ, ಇಬ್ಬರಿಗೂ ಒಂದೇ ಆಯತ.

ಐವತ್ತು ಮಕ್ಕಳ ತರಗತಿಯಾದರೆ ಬಿಲ್ಲೆಯನ್ನು ಮೇಜಿಗೊಂದು ಕವರ್‌ನಂತೆ ಕೊಡಿ, ಮೇಲೆ ಹೇಳಿದ ಕಡಿಮೆ ಬಿಲ್ಲೆಯ ಉಪಾಯವನ್ನು ಮೊದಲ ದಿನವೇ ಹಿಡಿಯಿರಿ. ಸಮಯ ತೀರಾ ಕಡಿಮೆಯಿದ್ದರೆ ಬಿಟ್ಟುಬಿಡಬಹುದಾದದ್ದು ಚೌಕಳಿ ಹಾಳೆ, ಖಾಲಿ ಹಾಳೆಯ ಕೆಲಸವಲ್ಲ. ಮನೆಯಲ್ಲಿ ಒಬ್ಬ ಮಗುವಿಗೆ ಹೇಳಿಕೊಡುವ ಅಪ್ಪ-ಅಮ್ಮಂದಿರಿಗೆ ನೆಲದ ಟೈಲ್ಸ್, ಚದುರಂಗದ ಮಣೆ, ಒಂದು ಬಿಳಿ ಹಾಳೆ ಸಾಕು. ಮಣೆಯ ಮೇಲೆ ಪುಸ್ತಕವಿಟ್ಟು ಅರ್ಧ ಮುಚ್ಚಿ, ಒಟ್ಟು ಎಷ್ಟು ಮನೆ ಎಂದು ಕೇಳಿ.

ಮಗು ಸೂತ್ರಕ್ಕೆ ಸಿದ್ಧವಾಗಿದೆಯೇ ಎಂದು ತಿಳಿಯಲು ಒಂದು ಪ್ರಶ್ನೆ ಸಾಕಾಗುತ್ತದೆ. 6 ಸೆಂ.ಮೀ. × 4 ಸೆಂ.ಮೀ. ಹಾಳೆಯ ಒಂದು ಮೂಲೆಯಿಂದ 2 ಸೆಂ.ಮೀ. × 1 ಸೆಂ.ಮೀ. ತುಂಡು ಕತ್ತರಿಸಿ ತೆಗೆಯಿರಿ. ವಿಸ್ತೀರ್ಣ ಎಷ್ಟಾಯಿತು, ಸುತ್ತಳತೆ ಎಷ್ಟಾಯಿತು? ವಿಸ್ತೀರ್ಣ 24ರಿಂದ 22ಕ್ಕೆ ಇಳಿಯಿತು. ಸುತ್ತಳತೆ 20 ಇದ್ದದ್ದು 20ರಲ್ಲೇ ಇದೆ, ಕತ್ತರಿಸಿ ಹೋದ ಎರಡು ಅಂಚಿನ ಬದಲಿಗೆ ಅಷ್ಟೇ ಉದ್ದದ ಎರಡು ಹೊಸ ಅಂಚು ಒಳಗೆ ಬಂದಿವೆ. ಎರಡನ್ನೂ ಕಾರಣ ಸಮೇತ ಹೇಳಿದ ಮಗುವಿಗೆ ಸೂತ್ರ ಕೊಡಿ. ಸುತ್ತಳತೆಯೂ ಇಳಿಯಿತು ಎಂದ ಮಗುವಿಗೆ ದಾರ ಕೊಟ್ಟು ಅಂಚಿನ ಸುತ್ತ ಇಡಿಸಿ, ಮತ್ತೆ ಕೇಳಿ.